ಒಂಬತ್ತು ಗಂಟೆಯ ಗೂಬೆ

"ಹನ್ನೆರಡು ಹೊಡೀಲಿ. ಮ್ಯೂಸಿಯಂ ಗಾಡಿ ಬಂದು ನಾಣ್ಯಗಳನ್ನ ಹೊತ್ಕೊಂಡು ಆ ಕಡೆ ಹೋಗ್ಲಿ. ನಾನು ನಿನ್ನನ್ನ ಕರ್ಕೊಂಡು ಈ ಕಡೆ ಠಾಣೆಗೆ ಹೋಗ್ತೀನಿ."

ಅಳಿಯ ದೂರಿನ ಕಾಗದವನ್ನು ಜೇಬಿನಿಂದ ಅರ್ಧ ಎಳೆದು ತೋರಿಸಿ ಮತ್ತೆ ಒಳಗೆ ತಳ್ಳಿದ. ಕೂರಲು ಬೇರೆ ಜಾಗ ಸಿಗದೆ, ತೀರಿಹೋದ ಮಾವನ ರೋಗಿಗಳು ಮಲಗುತ್ತಿದ್ದ ಉದ್ದ ಕುರ್ಚಿಯಲ್ಲೇ ಒರಗಿದ್ದ. ತಲೆಯ ಮೇಲೆ ಬಾಗಿದ ದೊಡ್ಡ ದೀಪ. ಪಕ್ಕದಲ್ಲಿ ಬಾಯಿ ಮುಕ್ಕಳಿಸಿ ಉಗುಳುವ ಬಟ್ಟಲು. ಗೋಡೆಯ ಗಡಿಯಾರದಲ್ಲಿ ಹತ್ತೂವರೆ.

ಮೇಸ್ತ್ರಿ ಬಾಗಿಲ ಪಕ್ಕ ನಿಂತಿದ್ದ. ಮೂವತ್ತು ವರ್ಷ ಅವನು ಈ ಕೋಣೆಗೆ ಬರುತ್ತಿದ್ದದ್ದು ತಟ್ಟೆಯಲ್ಲಿ ಯಾರದಾದರೂ ಹಲ್ಲು ಹಿಡಿದುಕೊಂಡೇ. ಇವತ್ತು ಬರಿಗೈ. ಬರಿಗೈಯಲ್ಲಿ ಇಲ್ಲಿ ಹೇಗೆ ನಿಲ್ಲಬೇಕೆಂದು ಅವನಿಗೆ ತಿಳಿಯಲಿಲ್ಲ.

ಹಲ್ಲಿನ ಡಾಕ್ಟ್ರು ತೀರಿಕೊಂಡು ಒಂದೂವರೆ ತಿಂಗಳು. ಅವರು ಜೀವಮಾನವಿಡೀ ಕೂಡಿಟ್ಟ ಹಳೇ ಗ್ರೀಕರ ಬೆಳ್ಳಿ ನಾಣ್ಯಗಳಲ್ಲಿ ಎಲ್ಲಕ್ಕಿಂತ ಹೆಸರುವಾಸಿಯಾದ ಗೂಬೆ ನಾಣ್ಯ ನಕಲಿ ಎಂದು ಗೊತ್ತಾಗಿ ಒಂದು ತಿಂಗಳು. ಅದನ್ನು ಎರಕ ಹೊಯ್ದವನು ಡಾಕ್ಟ್ರಿಗೆ ಕಟ್ಟುಹಲ್ಲು ಮಾಡಿಕೊಡುತ್ತಿದ್ದ ಮೇಸ್ತ್ರಿಯೇ ಎಂದು ಅಳಿಯ ತೀರ್ಮಾನಿಸಿ, ಒಂದು ತಿಂಗಳಿಗೆ ಅರ್ಧ ಗಂಟೆ ಕಡಿಮೆ.

"ಮೇಣದ ಕೆಲಸ ಗೊತ್ತು, ಪ್ಲಾಸ್ಟರ್ ಕೆಲಸ ಗೊತ್ತು, ಬೆಳ್ಳಿ ಕರಗಿಸೋದು ಗೊತ್ತು. ಇನ್ನೇನು ಬೇಕು ಸಾಕ್ಷಿಗೆ?" ಅಂದ ಅಳಿಯ.

"ಕಸುಬು ಗೊತ್ತಿರೋನೇ ಕಳ್ಳ ಅನ್ನೋದಾದ್ರೆ, ಈಜು ಬರೋರೆಲ್ಲ ಮುಳುಗ್ಸೋರಾ?"

ಮಾತು ಬಂದದ್ದು ಹೊರಗಿನ ಬೆಂಚಿನಿಂದ. ಮೇಸ್ತ್ರಿಯ ಹೆಂಡತಿ, ಕರೆಯದೆಯೇ ಬಂದವಳು. 'ನಿಮ್ಮೊಬ್ಬರನ್ನೇ ಕಳಿಸಿದ್ರೆ ತಲೆ ತಗ್ಗಿಸ್ಕೊಂಡು ಎಲ್ಲದಕ್ಕೂ ಹೂಂ ಅಂತೀರ' ಅಂತ ಜೊತೆಗೇ ಹೊರಟಿದ್ದಳು. ಅವಳ ಮೇಲಿನ ಸಾಲಿನ ಮುಂದಿನ ಹಲ್ಲೊಂದು ಓರೆಯಾಗಿ ಮುರಿದಿದೆ. ಊರಿನ ಬಾಯಿಗಳನ್ನೆಲ್ಲ ರಿಪೇರಿ ಮಾಡಿದ ಗಂಡ, ಆ ಒಂದು ಹಲ್ಲನ್ನು ಮೂವತ್ತು ವರ್ಷದಿಂದ 'ಮುಂದಿನ ವಾರ' ಅನ್ನುತ್ತಲೇ ಬಂದಿದ್ದ.

"ನೀವು ಸುಮ್ನಿರಿ," ಅಂದ ಅಳಿಯ.

"ಇದ್ದೀನಲ್ಲ, ಒಂದು ತಿಂಗಳಿಂದ. ಗೋಡೆ ಮೇಲಿರೋ ಆ ಪ್ಲಾಸ್ಟರ್ ಗೂಬೆ ಬಿಟ್ರೆ ಅಸಲಿ ಗೂಬೆಯ ಮುಖ ನಾನು ಜನ್ಮದಲ್ಲಿ ನೋಡಿಲ್ಲ. ಆದ್ರೂ ನಮ್ಮನೆ ಮೇಲೇ ಬಂದು ಕೂತಿದೆ."

"ಗೂಬೆ ಕೂರಿಸೋದು ಅಂತಾರಲ್ಲ, ಅದನ್ನ ಇಷ್ಟು ನಿಜವಾಗಿ ನಾನೂ ನೋಡಿರ್ಲಿಲ್ಲ ತಂಗಿ," ಅನ್ನುತ್ತ ತಕ್ಕಡಿ ಅಕ್ಕ ಒಳಗೆ ಬಂದರು. ಕೈಯಲ್ಲಿ, ಕಾಯುವ ಕೋಣೆಯ ಗೋಡೆಯಿಂದ ಇಳಿಸಿದ ಗಾಜಿನ ಚೌಕಟ್ಟು.

ಈ ತಕ್ಕಡಿ ಅಕ್ಕನನ್ನು ಕರೆಸಿದವಳು ಡಾಕ್ಟ್ರ ಮಗಳು. ತೂಕ-ಅಳತೆ ಇಲಾಖೆಯಲ್ಲಿ ಇನ್ಸ್‌ಪೆಕ್ಟರ್ ಆಗಿದ್ದು ನಿವೃತ್ತರಾದ ಹೆಂಗಸು. ಅಂಗಡಿಗಳ ತಕ್ಕಡಿ ತಟ್ಟೆಯ ಅಡಿಯಲ್ಲಿ ಅಂಟಿಸಿದ ಅಯಸ್ಕಾಂತ ಹುಡುಕುತ್ತ ಮೂರು ದಶಕ ಕಳೆದವರಿಗೆ, ಯಾವ ವಸ್ತು ಕಂಡರೂ ಮೊದಲು ಅಂಗೈಯಲ್ಲಿಟ್ಟು ತೂಗುವ ಚಟ. ಎದುರಿನವರ ಮಾತನ್ನೂ ಹಾಗೇ ತೂಗುತ್ತಾರೆ ಅನಿಸುತ್ತಿತ್ತು ಮೇಸ್ತ್ರಿಗೆ. ಅವನ ಮಾತಿಗೆ ಇಲ್ಲಿಯವರೆಗೆ ಎಷ್ಟು ತೂಕ ಬಿದ್ದಿದೆ ಅಂತ ಮಾತ್ರ ಅವರು ಬಾಯಿ ಬಿಟ್ಟಿರಲಿಲ್ಲ.

ಅವರ ಹಿಂದೆ ಡಾಕ್ಟ್ರ ಮಗಳು, ಹಿಂದೆಯೇ ಮ್ಯೂಸಿಯಂ ಮೇಷ್ಟ್ರು. ಮೇಷ್ಟ್ರ ಕೊರಳಲ್ಲಿ ಸದಾ ಭೂತಗನ್ನಡಿ. ಗೂಬೆ ನಕಲಿ ಅಂತ ಮೊದಲು ಹೇಳಿದವರು ಅವರೇ. ತೂಕ ಒಂದು ಗ್ರಾಂ ಕಡಿಮೆ, ಅಂಚಿನಲ್ಲಿ ಎರಡು ಹೋಳು ಕೂಡಿಸಿದ ಗೆರೆ.

ಮಗಳು ಮೇಸ್ತ್ರಿಯ ಕಡೆ ನೋಡಲಿಲ್ಲ. ಮೂರು ವರ್ಷದ ಮಗುವಾಗಿದ್ದಾಗಿಂದ 'ಮಾಮಾ' ಅಂತ ಕರೆಯುತ್ತಿದ್ದವಳು, ಒಂದು ತಿಂಗಳಿಂದ 'ಮೇಸ್ತ್ರಿ' ಅನ್ನತೊಡಗಿದ್ದಳು. ಠಾಣೆ, ಕೋರ್ಟು ಎಲ್ಲವನ್ನೂ ಅವನು ಹೇಗೋ ತಡೆದುಕೊಂಡಾನು. ಈ ಒಂದು ಮಾತು ಮಾತ್ರ ಎದೆಯಲ್ಲಿ ಮುಳ್ಳಿನ ಹಾಗೆ ನೆಟ್ಟಿತ್ತು.

ಅಕ್ಕ ಚೌಕಟ್ಟನ್ನು ಉಪಕರಣಗಳ ಮೇಜಿನ ಮೇಲೆ ಮಲಗಿಸಿದರು.

"ಇದು ಯಾರ ಕೆಲಸ?"

"ನಂದೇ ಅಕ್ಕ," ಅಂದ ಮೇಸ್ತ್ರಿ.

ನಾಣ್ಯ ಓದುವವರು ನಾಣ್ಯವನ್ನೇ ಕೈಯಿಂದ ಕೈಗೆ ದಾಟಿಸುವುದಿಲ್ಲ. ಅದರ ಎರಡು ಮುಖಗಳ ಅಚ್ಚನ್ನು ಪ್ಲಾಸ್ಟರಿನಲ್ಲಿ ಬೇರೆ ಬೇರೆ ತೆಗೆದು, ರಟ್ಟಿನ ಮೇಲೆ ಅಕ್ಕಪಕ್ಕ ಅಂಟಿಸಿ, ಅದನ್ನು ನೋಡುತ್ತಾರೆ. ಡಾಕ್ಟ್ರ ನಾಣ್ಯಗಳಿಗೆಲ್ಲ ಮೇಸ್ತ್ರಿ ಹಾಗೆ ಅಚ್ಚು ಮಾಡಿದ್ದ. ಎಡಕ್ಕೆ ಶಿರಸ್ತ್ರಾಣ ತೊಟ್ಟ ದೇವಿಯ ಮುಖ, ಬಲಕ್ಕೆ ಎರಡೂ ಕಣ್ಣು ಬಿಟ್ಟು ನಮ್ಮನ್ನೇ ನೋಡುವ ಗೂಬೆ. ಡಾಕ್ಟ್ರು ಅವನ್ನು ಕಾಯುವ ಕೋಣೆಯ ಗೋಡೆಗೆ ತೂಗುಹಾಕಿದ್ದರು. ಹಲ್ಲುನೋವಿಗೆ ಬಂದವರು ನೋವು ಮರೆತು ಗೂಬೆ ನೋಡಲಿ ಅಂತ.

"ಎಲ್ಲ ಅಚ್ಚೂ ಬೆಳ್ಳಗಿವೆ. ಈ ಜೋಡಿ ಮಾತ್ರ ಯಾಕೆ ಹಳದಿ?"

ಮೇಸ್ತ್ರಿ ಬಗ್ಗಿದ. ಗಾಜು ಸರಿಸಿ, ಗೂಬೆಯ ರೆಕ್ಕೆಯ ಮೇಲೆ ಉಗುರಿನ ತುದಿ ಆಡಿಸಿದ. ಕೆಲಸ ಕಂಡ ಕೂಡಲೇ ಅವನ ಬೆನ್ನು ತಾನಾಗಿ ನೆಟ್ಟಗಾಯಿತು.

"ಎಣ್ಣೆ ಹಚ್ಚಿದ್ದಾರೆ. ಇದರ ಮೇಲೆ ಇನ್ನೊಂದು ಅಚ್ಚು ತೆಗೆದಿದ್ದಾರೆ, ಅಂಟ್ಕೋಬಾರ್ದು ಅಂತ. ಥೂ, ಯಾರ್ರೀ ಪ್ಲಾಸ್ಟರ್‌ಗೆ ಎಣ್ಣೆ ಬಳಿಯೋರು? ಹಳದಿಯಾಗುತ್ತೆ, ಸಣ್ಣ ಗೆರೆಗಳನ್ನೆಲ್ಲ ತುಂಬಿಬಿಡುತ್ತೆ. ಸೋಪಿನ ನೀರು ತೆಳ್ಳಗೆ ಹಚ್ಬೇಕು."

"ಕೇಳಿಸ್ಕೊಂಡ್ರಾ?" ಅಂದ ಅಳಿಯ. "ಹೇಗೆ ಮಾಡ್ಬೇಕು ಅಂತ ತಾನೇ ಪಾಠ ಹೇಳ್ತಿದ್ದಾನೆ."

"ಕೇಳಿಸ್ಕೊಂಡೆ," ಅಂದರು ಅಕ್ಕ. "ನಾಣ್ಯದ ಮೇಲಿಂದ ಅಚ್ಚು ತೆಗೆದಿಲ್ಲ, ಗೋಡೆ ಮೇಲಿನ ಪ್ಲಾಸ್ಟರ್ ಮೇಲಿಂದ ತೆಗೆದಿದ್ದಾರೆ. ಇಷ್ಟು ಮಾತ್ರ ಇಟ್ಕೊಳ್ಳಿ. ಮೇಷ್ಟ್ರೇ, ಈಗ ನಿಮ್ಮ ಗಡಿಯಾರದ ಲೆಕ್ಕ ಹೇಳಿ. ನನಗೆ ಹೇಳಿದ ಹಾಗೇ, ಮಕ್ಕಳಿಗೆ ಹೇಳೋ ಥರ."

ಮೇಷ್ಟ್ರು ನಕಲಿ ನಾಣ್ಯವನ್ನು ಹೆಬ್ಬೆರಳು ತೋರುಬೆರಳ ನಡುವೆ ಅಂಚಿನಲ್ಲಿ ಹಿಡಿದರು.

"ಆಗಿನ ಕಾಲದಲ್ಲಿ ನಾಣ್ಯ ಎರಕ ಹೊಯ್ತಿರ್ಲಿಲ್ಲ. ಕೆಳಗೊಂದು ಅಚ್ಚು, ಮೇಲೊಂದು ಅಚ್ಚು, ನಡುವೆ ಬೆಳ್ಳಿ ಬಿಲ್ಲೆ, ಮೇಲಿಂದ ಸುತ್ತಿಗೆ ಏಟು. ಮೇಲಿನ ಅಚ್ಚನ್ನ ಹೇಗೆ ತಿರುಗಿಸಿ ಹಿಡಿದಿರ್ತಾರೋ ಹಿಂದಿನ ಚಿತ್ರ ಹಾಗೆ ಬೀಳುತ್ತೆ. ದೇವಿಯ ಮುಖ ನೆಟ್ಟಗೆ ಹಿಡ್ಕೊಂಡು, ಪುಸ್ತಕದ ಹಾಳೆ ಮಗುಚೋ ಹಾಗೆ ನಾಣ್ಯ ತಿರುಗಿಸಿದ್ರೆ, ಗೂಬೆಯ ತಲೆ ಯಾವ ಕಡೆಗಿದೆ? ಗಡಿಯಾರದ ಮುಳ್ಳಿನ ಹಾಗೆ ಓದ್ತೀವಿ. ನೆಟ್ಟಗೆ ಮೇಲಕ್ಕಿದ್ರೆ ಹನ್ನೆರಡು. ಎಡಕ್ಕೆ ಮಲಗಿದ್ರೆ ಒಂಬತ್ತು."

ಅವರು ತಿರುಗಿಸಿ ತೋರಿಸಿದರು. ಗೂಬೆ ನೆಟ್ಟಗೆ ನಿಂತಿತ್ತು.

"ನಕಲಿಯದು ಹನ್ನೆರಡು," ಅಂದರು ಅಕ್ಕ. "ಅಸಲಿಯದು?"

"ಒಂಬತ್ತು," ಅಂದ ಮೇಸ್ತ್ರಿ. ಯಾರೂ ಅವನನ್ನು ಕೇಳಿರಲಿಲ್ಲ. "ತಿರುಗಿಸಿದ್ರೆ ಗೂಬೆ ಎಡಗಡೆ ಮಗ್ಗುಲಾಗಿ ಮಲಗುತ್ತೆ. ಅಚ್ಚು ತೆಗೆಯುವಾಗ ಪ್ರತಿ ಸಲವೂ ಕೈಯಲ್ಲಿ ತಿರುಗಿಸಿ ನಿಲ್ಲಿಸ್ಕೋಬೇಕಿತ್ತು. ಡಾಕ್ಟ್ರು ತಮಾಷೆ ಮಾಡೋರು, ಒಂಬತ್ತು ಗಂಟೆಗೇ ಮಲಗೋ ಗೂಬೆ ಪ್ರಪಂಚದಲ್ಲಿ ಇದೊಂದೇ ಅಂತ."

"ಬಾಯಿಮಾತು," ಅಂದ ಅಳಿಯ.

"ಅದಕ್ಕೇ ಬರಹ ತರಿಸಿದ್ದೀನಿ," ಅಂದರು ಅಕ್ಕ.

ಮಗಳು ಅಪ್ಪನ ನೋಟ್‌ಬುಕ್ ಮೇಜಿನ ಮೇಲಿಟ್ಟಳು. ನಾಣ್ಯಗಳಿದ್ದ ಅಲಮಾರಿಯ ಹಿಂದೆ ಬಿದ್ದಿದ್ದು, ನಿನ್ನೆ ಸಂಜೆಯಷ್ಟೇ ಸಿಕ್ಕಿತ್ತು. ನಾಣ್ಯಕ್ಕೊಂದು ಪುಟ. ಗೂಬೆಯ ಪುಟದಲ್ಲಿ ನಾಲ್ಕು ಕಾಲಂ: ತಾರೀಖು, ತೂಕ, ಗಡಿಯಾರ, ಕೊನೆಯದು 'ಯಾರಿಗೆ ತೋರಿಸಿದ್ದು'. ನಾಣ್ಯವನ್ನು ಹೊರಗೆ ತೆಗೆದಾಗಲೆಲ್ಲ ಡಾಕ್ಟ್ರು ತೂಗಿ ಬರೆದಿದ್ದರು.

ಅಕ್ಕ ಬೆರಳಿಟ್ಟು ಕೆಳಗಿಳಿದರು. "ಹದಿನೇಳು ಪಾಯಿಂಟ್ ಎರಡು ಗ್ರಾಂ, ಒಂಬತ್ತು. ಹದಿನೇಳು ಪಾಯಿಂಟ್ ಎರಡು, ಒಂಬತ್ತು. ಪುಟ ಪೂರ್ತಿ ಇದೇ. ಆದ್ರೆ ಈ ಕೊನೇ ಕಾಲಂನಲ್ಲಿ ಹೆಸರಿಲ್ಲ, ಬರೀ ಅಂಕಿ. ಮೂವತ್ತೇಳು, ಅರವತ್ತೊಂದು, ಮತ್ತೆ ಮೂವತ್ತೇಳು. ನಿನ್ನೆಯಿಂದ ತಲೆ ಕೆರ್ಕೊಳ್ತಿದ್ದೀನಿ."

ಮೇಸ್ತ್ರಿಯ ಮುಖದಲ್ಲಿ ತಿಂಗಳ ನಂತರ ಮೊದಲ ಸಲ ನಗು ಸುಳಿಯಿತು.

"ಅವು ಹಲ್ಲು ಅಕ್ಕ."

"ಏನು?"

"ಡಾಕ್ಟ್ರಿಗೆ ಹೆಸರು ನೆನಪಿರ್ತಿರ್ಲಿಲ್ಲ, ಹಲ್ಲು ನೆನಪಿರ್ತಿತ್ತು. ಯಾರನ್ನ ಬರೀಬೇಕಾದ್ರೂ ಅವರ ಬಾಯಲ್ಲಿ ತಾವು ಕೈಹಾಕಿದ ಹಲ್ಲಿನ ನಂಬರ್ ಬರೀತಿದ್ರು. ಬಾಯಿಗೆ ನಾಲ್ಕು ಭಾಗ. ಮೊದಲನೇ ಅಂಕಿ ಯಾವ ಭಾಗ ಅಂತ, ಎರಡನೇದು ನಡುವಿನಿಂದ ಎಷ್ಟನೇ ಹಲ್ಲು ಅಂತ. ಮೂವತ್ತೇಳು ಅಂದ್ರೆ ಕೆಳಗಿನ ಎಡ ದವಡೆ, ಏಳನೇದು." ಅವನು ಮ್ಯೂಸಿಯಂ ಮೇಷ್ಟ್ರ ಕಡೆ ತಿರುಗಿದ. "ಸರ್, ಅದು ನೀವು."

ಮೇಷ್ಟ್ರು ಗಾಬರಿಯಾಗಿ ಎಡಗೆನ್ನೆ ಮುಟ್ಟಿಕೊಂಡರು. "ಇಪ್ಪತ್ತು ವರ್ಷದ ಸ್ನೇಹಿತ ನಾನು. ದವಡೆ ಹಲ್ಲಾಗಿ ಹೋದೆನಲ್ಲಪ್ಪ."

"ಅರವತ್ತೊಂದು?" ಅಂತ ಕೇಳಿದರು ಅಕ್ಕ. "ಒಂದು ಬಾಯಿಗೆ ನಾಲ್ಕೇ ಭಾಗ ಅಂದ್ರಿ."

ಮೇಸ್ತ್ರಿ ಡಾಕ್ಟ್ರ ಮಗಳ ಕಡೆ ನೋಡಿದ. ದನಿ ಸ್ವಲ್ಪ ತಗ್ಗಿತು.

"ಐದರಿಂದ ಎಂಟು ಅಂದ್ರೆ ಮಕ್ಕಳ ಹಾಲುಹಲ್ಲು. ಅರವತ್ತೊಂದು ಅಂದ್ರೆ ಮೇಲುಗಡೆ ಎಡಕ್ಕೆ, ಮುಂದಿನದು. ಇವರ ಆರನೇ ವರ್ಷದಲ್ಲಿ ಬಿತ್ತು. ನೂಲು ಕಟ್ಟಿ ಎಳೆದದ್ದು ಡಾಕ್ಟ್ರು. ಹಿಡ್ಕೊಂಡು ಕೂತಿದ್ದು ನಾನು."

ಮಗಳು ಕಿಟಕಿಯ ಕಡೆ ಮುಖ ತಿರುಗಿಸಿದಳು. ಮೂವತ್ತು ದಾಟಿದ ಹೆಂಗಸು, ಅಪ್ಪನ ಪುಸ್ತಕದಲ್ಲಿ ಇವತ್ತಿಗೂ ಹಾಲುಹಲ್ಲು.

"ನಾನೆಲ್ಲಿ?" ಅಂದ ಅಳಿಯ. "ನನ್ನ ಹಲ್ಲೂ ಮಾಡಿದ್ದಾರಲ್ಲ?"

"ನಿಮಗೆ ತೋರ್ಸಿಲ್ಲ. ನಿಮ್ಮ ಕೈ ಬೆವರುತ್ತೆ, ಬೆಳ್ಳಿಗೆ ಆಗಲ್ಲ ಅಂತಿದ್ರು."

ಹೊರಗಿನ ಬೆಂಚಿನಲ್ಲಿ ಯಾರೋ ಕಿಸಕ್ಕನೆ ನಕ್ಕರು. ಯಾರೋ ಏನು, ಅಲ್ಲಿ ಕೂತಿದ್ದವಳು ಒಬ್ಬಳೇ.

ಅಕ್ಕ ನೋಟ್‌ಬುಕ್ ಮುಚ್ಚಿದರು. "ಸರಿ. ನಕಲಿ ಮಾಡಿದೋನು ರಟ್ಟಿನ ಮೇಲೆ ಏನು ನೋಡಿದ? ದೇವಿ ನೆಟ್ಟಗೆ, ಪಕ್ಕದಲ್ಲಿ ಗೂಬೆ ನೆಟ್ಟಗೆ. ಎರಡನ್ನೂ ಹಾಗೇ ಬೆನ್ನಿಗೆ ಬೆನ್ನು ಕೂಡಿಸಿದ. ಗೂಬೆ ಮಲಗಿರ್ಬೇಕು ಅನ್ನೋದು ಅವನಿಗೆ ಗೊತ್ತೇ ಇಲ್ಲ. ಯಾಕಂದ್ರೆ ಅಸಲಿ ನಾಣ್ಯವನ್ನ ಅವನು ಒಂದು ಸಲನೂ ಕೈಯಲ್ಲಿ ಹಿಡಿದು ತಿರುಗಿಸಿಲ್ಲ. ಮೇಸ್ತ್ರಿ ನೂರು ಸಲ ಹಿಡಿದಿದ್ದಾರೆ."

ಮೇಸ್ತ್ರಿ ಅಕ್ಕನ ಕಡೆ ತಿರುಗಿದ. ಈ ಮಾತನ್ನು ಯಾರಾದರೂ ಹೇಳಲಿ ಅಂತ ಒಂದು ತಿಂಗಳಿಂದ ಕಾದಿದ್ದ. ಹೇಳಿದಾಗ ನಂಬಲು ಧೈರ್ಯ ಬರಲಿಲ್ಲ.

ಅಳಿಯ ಕುರ್ಚಿಯಲ್ಲಿ ನೆಟ್ಟಗೆ ಕೂತ. "ಅಷ್ಟು ಸುಲಭಾನಾ? ಅವನು ಬೇಕಂತಲೇ ತಪ್ಪಾಗಿ ಕೂಡಿಸಿರ್ತಾನೆ. ನಾಳೆ ನೀವು ಬಂದು ಇದೇ ಮಾತು ಹೇಳ್ಲಿ ಅಂತ. ಇಂಥೋರನ್ನ ನಾನು ದಿನಾ ನೋಡ್ತೀನಿ. ಮೇಲೆ ಭೋಳೆ ಮುಖ, ಒಳಗೆ ಕತ್ತರಿ. ಏಯ್ ಮೇಸ್ತ್ರಿ, ಎಷ್ಟು ಓದಿದ್ದೀಯ ನೀನು?"

"ಏಳನೇ ಕ್ಲಾಸು."

"ಏಳನೇ ಕ್ಲಾಸು ಓದಿದೋನ ಕೈಗೆ ಎರಡು ಸಾವಿರದ ನಾನೂರು ವರ್ಷದ ನಾಣ್ಯ ಕೊಟ್ರೆ ಇನ್ನೇನಾಗುತ್ತೆ?"

ಮೇಸ್ತ್ರಿ ಕುರ್ಚಿಯ ಕಡೆಗೆ ಒಂದು ಹೆಜ್ಜೆ ಇಟ್ಟ. ಇಷ್ಟು ದಿನ ಅವನಿಗೆ ಹೆದರಿಕೆಯೇ ಆಗಿತ್ತು, ಸಿಟ್ಟು ಬಂದಿರಲಿಲ್ಲ. ಸಿಟ್ಟು ಬಂದ ಕೂಡಲೇ ಹೆದರಿಕೆ ಎದ್ದು ಹೊರಗೆ ಹೋಯಿತು.

"ಅಕ್ಕ, ನಿಮ್ಮ ಹತ್ರ ವರ್ನಿಯರ್ ಇದೆಯಲ್ಲ," ಅಂದ. "ಅಳೀರಿ. ಗೋಡೆ ಮೇಲಿನ ಅಚ್ಚು ಎಷ್ಟು ಅಗಲ, ಈ ನಕಲಿ ಎಷ್ಟು ಅಗಲ."

ಅಕ್ಕನ ಕಣ್ಣು ಮಿನುಗಿತು. ಅವರು ಇದಕ್ಕೇ ಕಾದಿದ್ದಂತಿತ್ತು. ಚೀಲದಿಂದ ವರ್ನಿಯರ್ ತೆಗೆದು ಎರಡನ್ನೂ ಎರಡೆರಡು ಸಲ ಕಚ್ಚಿಸಿ ನೋಡಿದರು.

"ಅಚ್ಚು ಇಪ್ಪತ್ನಾಲ್ಕು ಮಿಲಿಮೀಟರ್. ನಕಲಿ ಇಪ್ಪತ್ಮೂರೂವರೆ."

"ಅರ್ಧ ಮಿಲಿಮೀಟರ್," ಅಂದ ಅಳಿಯ. "ಅರ್ಧ ಮಿಲಿಮೀಟರ್‌ಗೆ ಏನ್ರೀ?"

"ಹಾಗೇ ಒರಗಿ," ಅಂದ ಮೇಸ್ತ್ರಿ.

"ಏನು?"

"ಕುರ್ಚಿಯಲ್ಲಿ ಒರಗಿ. ಬಾಯಿ ತೆಗೀರಿ."

ಅಳಿಯ ಸುತ್ತ ನೋಡಿದ. ಅಕ್ಕ ಗಂಭೀರವಾಗಿ ತಲೆಯಾಡಿಸಿದರು. ಮೇಸ್ತ್ರಿ ಕೈ ತೊಳೆದು, ದೀಪ ಹಾಕಿ, ಸಣ್ಣ ಕನ್ನಡಿಯ ಕಡ್ಡಿ ಎತ್ತಿಕೊಂಡ. ದೀಪದ ಕೆಳಗೆ, ಆ ಕುರ್ಚಿಯಲ್ಲಿ, ಎಂಥ ಗಂಡಸೂ ಹೇಳಿದ ಮಾತು ಕೇಳುತ್ತಾನೆ. ಅಳಿಯನ ಬಾಯಿ ತೆರೆಯಿತು.

"ಎಲ್ಲರೂ ನೋಡಿ. ಕೆಳಗಿನ ಬಲ ದವಡೆ, ಆರನೇದು. ಲೋಹದ ಟೋಪಿ. ನಾನು ಮಾಡಿದ್ದು, ಹನ್ನೊಂದು ವರ್ಷ ಆಯ್ತು. ಕಚ್ಚಿ. ಹಾಂ, ಕಚ್ಚಿ ನೋಡಿ. ಅಲ್ಲಾಡುತ್ತಾ?"

"ಉಂ ಉಂ."

"ಸಂದಿಯಲ್ಲಿ ಊಟ ಸಿಕ್ಕಿಹಾಕ್ಕೊಳ್ಳುತ್ತಾ?"

"ಉಂ ಉಂ."

"ಹನ್ನೊಂದು ವರ್ಷದಲ್ಲಿ ಒಂದು ದಿನ ನೋವು?"

ಅಳಿಯ ತಲೆಯನ್ನು ಅಡ್ಡಡ್ಡ ಆಡಿಸಿದ.

ಮೇಸ್ತ್ರಿ ಕನ್ನಡಿಯ ಕಡ್ಡಿ ತೆಗೆದು ತಟ್ಟೆಯಲ್ಲಿಟ್ಟ. ಟಣ್ ಅಂದಿತು.

"ಲೋಹ ಕರಗಿಸಿ ಹೊಯ್ದ್ರೆ ಆರುವಾಗ ಕುಗ್ಗುತ್ತೆ. ಬೆಳ್ಳಿಯೂ ಅಷ್ಟೇ, ಚಿನ್ನವೂ ಅಷ್ಟೇ. ಗೊಂಬೆ ಮಾಡೋರಿಗೆ ಪರವಾಗಿಲ್ಲ, ಗೊಂಬೆ ಕೂದಲೆಳೆ ಸಣ್ಣದಾದ್ರೆ ಯಾರಿಗೆ ನಷ್ಟ? ಹಲ್ಲಿನ ಟೋಪಿ ಕೂದಲೆಳೆ ಸಣ್ಣದಾದ್ರೆ ಹಲ್ಲಿನ ಮೇಲೆ ಕೂರೋದೇ ಇಲ್ಲ. ಅದಕ್ಕೇ ನಮ್ಮ ಕಸುಬಿನಲ್ಲಿ ಅಚ್ಚಿನ ಪುಡಿಯೇ ಬೇರೆ. ಕಾಯಿಸಿದ್ರೆ ಅದು ಹಿಗ್ಗುತ್ತೆ. ಲೋಹ ಎಷ್ಟು ಕುಗ್ಗುತ್ತೋ ಅಚ್ಚು ಮೊದಲೇ ಅಷ್ಟು ಹಿಗ್ಗಿರುತ್ತೆ. ಇದು ನನಗೆ ಗೊತ್ತಿರೋ ವಿದ್ಯೆ ಅಲ್ಲ, ನನ್ನ ಕೈಗೆ ಗೊತ್ತಿರೋದು. ನಿದ್ದೆಯಲ್ಲಿ ಮಾಡಿದ್ರೂ ಅಳತೆ ತಪ್ಪಲ್ಲ."

ಅವನು ನಕಲಿ ನಾಣ್ಯ ಎತ್ತಿ ಅಳಿಯನ ಮೂಗಿನ ಮುಂದೆ ಹಿಡಿದ.

"ಈ ದರಿದ್ರ ಕೆಲಸ ನಂದು ಅಂತೀರ? ಮೂವತ್ತು ವರ್ಷ ಹಲ್ಲಿಗೆ ಟೋಪಿ ಹಾಕಿದ್ದೀನಿ, ಮನುಷ್ಯರಿಗೆ ಹಾಕಿಲ್ಲ. ಕಳ್ಳ ಅನ್ನಿ, ಅದಾದ್ರೂ ಕೇಳ್ಕೋತೀನಿ. ಕೆಲಸ ಬರಲ್ಲ ಅನ್ಬೇಡಿ."

ಬಟ್ಟಲಿನ ನಲ್ಲಿಯಿಂದ ಒಂದು ಹನಿ ತೊಟ್ಟಿಕ್ಕಿತು.

"ಬೇಕಂತಲೇ..." ಅಂತ ಅಳಿಯ ಶುರುಮಾಡಿದ.

"ಬೇಕಂತಲೇ ಯಾಕೆ?" ಅಕ್ಕ ಮಧ್ಯೆ ಬಾಯಿ ಹಾಕಿದರು. "ನಕಲಿ ಮಾಡೋನಿಗೆ ಇರೋದು ಒಂದೇ ಆಸೆ, ಅಸಲಿ ಥರ ಕಾಣ್ಲಿ ಅಂತ. ಒಂದು ನಾಣ್ಯದಲ್ಲಿ ಮೂರು ಕಡೆ ಸೋತಿದ್ದಾನೆ. ಎಣ್ಣೆ ಬಳಿದ, ಗಡಿಯಾರ ತಪ್ಪಿದ, ಅಳತೆ ತಪ್ಪಿದ. ಈ ಮೂರೂ ತಪ್ಪದ ಮನುಷ್ಯ ಈ ಊರಲ್ಲಿ ಯಾರಾದ್ರೂ ಇದ್ರೆ ಅದು ಇವರೊಬ್ರೇ. ನಿಮ್ಮ ಕಾಗದದಲ್ಲಿ ಏನು ಬರ್ದಿದ್ದೀರಿ? ಇದು ಪಳಗಿದ ಹಲ್ಲಿನ ಮೇಸ್ತ್ರಿಯ ಕೈಕೆಲಸ ಅಂತ. ಠಾಣೆಯಲ್ಲಿ ಮೊದಲು ನಿಮ್ಮ ಬಾಯೇ ತೆಗೆಸ್ತಾರೆ."

"ನಾನು ಬರವಣಿಗೆಯಲ್ಲಿ ಕೊಡ್ತೀನಿ," ಅಂದರು ಮ್ಯೂಸಿಯಂ ಮೇಷ್ಟ್ರು. "ಎರಕ ಅಂತ ಹೇಳಿ ಅಲ್ಲಿಗೇ ನಿಲ್ಲಿಸಿದೆ. ಗಡಿಯಾರ ಕಣ್ಣ ಮುಂದೆ ಇತ್ತು. ಯಾರು ಮಾಡಿಲ್ಲ ಅನ್ನೋದನ್ನ ಅದು ಹೇಳುತ್ತೆ ಅಂತ ಹೊಳೀಲಿಲ್ಲ. ತಪ್ಪಾಯ್ತು ಮೇಸ್ತ್ರಿ."

ಆಗ ಮಗಳು ಕಿಟಕಿಯಿಂದ ಈಚೆ ಬಂದಳು. ಗಂಡನ ಜೇಬಿಗೆ ಕೈಹಾಕಿ ಕಾಗದ ಎಳೆದಳು. ಅವನು ಕೈ ಅಡ್ಡ ತಂದ, ಅವಳ ಮುಖ ನೋಡಿ ಹಿಂದಕ್ಕೆಳೆದುಕೊಂಡ. ಕಾಗದ ನಾಲ್ಕಾಯಿತು, ಎಂಟಾಯಿತು. ಕಾಲಿನಿಂದ ಒತ್ತುವ ಕಸದ ಡಬ್ಬಿ ಬಾಯಿ ತೆರೆಯಿತು. ರಕ್ತ ಒರೆಸಿದ ಹತ್ತಿ ಬೀಳುತ್ತಿದ್ದ ಜಾಗಕ್ಕೆ ಕಾಗದದ ಚೂರುಗಳು ಬಿದ್ದವು.

"ಮಾಮಾ," ಅಂದಳು.

ಅಷ್ಟೇ ಅಂದದ್ದು. ಅಂಗೈಯಿಂದ ಕಣ್ಣು ಒರೆಸಿಕೊಂಡಳು.

"ಆಯ್ತು ಪುಟ್ಟಿ, ಆಯ್ತು ಬಿಡು," ಅಂದ ಮೇಸ್ತ್ರಿ. ಬೇರೆ ಏನು ಮಾಡಬೇಕೆಂದು ತೋಚದೆ, ಬಾಯಿ ಒರೆಸಲು ರೋಗಿಗಳಿಗೆ ಕೊಡುತ್ತಿದ್ದ ಕಾಗದದ ಕರವಸ್ತ್ರ ಒಂದನ್ನು ಎಳೆದು ಅವಳ ಕೈಗಿಟ್ಟ. ಇನ್ನೊಂದನ್ನು ತನಗೆ ಎಳೆದುಕೊಂಡ.

ಹನ್ನೆರಡಕ್ಕೆ ಹತ್ತು ನಿಮಿಷ ಇರುವಾಗ ಹೊರಗೆ ಮ್ಯೂಸಿಯಂ ಗಾಡಿಯ ಹಾರ್ನ್ ಕೇಳಿತು. ಒಂದು ತಿಂಗಳಿಂದ ಕನಸಿನಲ್ಲೂ ಹೆದರಿಸುತ್ತಿದ್ದ ಸದ್ದು. ಈಗ ಅದು ಬರೀ ಗಾಡಿಯ ಹಾರ್ನ್. ಮೇಷ್ಟ್ರು ನಾಣ್ಯದ ತಟ್ಟೆಗಳನ್ನು ಒಂದೊಂದಾಗಿ ಹತ್ತಿಯ ಪೆಟ್ಟಿಗೆಗೆ ಇಳಿಸಿದರು. ಮಗಳು ಪಟ್ಟಿ ಹಿಡಿದು ಹಿಂದೆ ಹೊರಟಳು. ಅಳಿಯ ಕುರ್ಚಿಯಿಂದ ಇಳಿದು, ನಾಲಿಗೆಯಿಂದ ಬಲ ದವಡೆಯನ್ನು ತಡವುತ್ತ, ಯಾರ ಕಣ್ಣಿಗೂ ಬೀಳದೆ ಹೊರಗೆ ಜಾರಿದ.

ಅಕ್ಕ ಕೊನೆಗೆ ಉಳಿದರು.

"ಅಕ್ಕ, ಅಳತೆ ನಿಮಗೆ ಮೊದಲೇ ಗೊತ್ತಿತ್ತು, ಅಲ್ವಾ?" ಅಂದ ಮೇಸ್ತ್ರಿ.

"ನಿನ್ನೆ ಸಂಜೆಯೇ ಅಳೆದಿದ್ದೆ. ಆದ್ರೆ ನಾನು ಹೇಳಿದ್ರೆ ಅದು ಬರೀ ಲೆಕ್ಕ. ನಿಮ್ಮ ಬಾಯಿಂದ ಬರ್ಬೇಕಿತ್ತು." ಅವರು ನೋಟ್‌ಬುಕ್ ಅವನ ಕೈಗಿಟ್ಟರು. "ಕೆಲಸ ಅರ್ಧ ಮುಗೀತು. ಮಾಡದೇ ಇದ್ದೋರು ಯಾರು ಅಂತ ಗೊತ್ತಾಯ್ತು. ಮಾಡಿದೋರು ಗೋಡೆಯ ಅಚ್ಚು ನೋಡಿ ಮಾಡಿಸಿದ್ದಾರೆ. ಆದ್ರೆ ಅಲಮಾರಿಯಲ್ಲಿ ಅದಲು ಬದಲು ಮಾಡೋಕೆ, ಡಾಕ್ಟ್ರು ನಂಬಿ ಒಳಗೆ ಬಿಟ್ಟೋರು ಒಬ್ಬರು ಬೇಕು. ಈ ಅಂಕಿಗಳನ್ನೆಲ್ಲ ಹೆಸರು ಮಾಡಿ ಸಂಜೆ ಕೊಡಿ. ಹಲ್ಲು ಓದೋಕೆ ಬರೋರು ನೀವೊಬ್ರೇ, ಈಗ ಈ ಮನೆಯಲ್ಲಿ ನಾನು ನಂಬೋರೂ ನೀವೊಬ್ರೇ."

ಅವರು ಹೋದ ಮೇಲೆ ಮೇಸ್ತ್ರಿ ಹಿತ್ತಲ ಕಡೆಯ ತನ್ನ ಕೆಲಸದ ಕೋಣೆಯ ಬೀಗ ತೆಗೆದ. ತಿಂಗಳಿಂದ ಮುಚ್ಚಿದ್ದ ಕೋಣೆ. ಮೇಣ, ಸ್ಪಿರಿಟ್, ಒಣ ಪ್ಲಾಸ್ಟರಿನ ವಾಸನೆ ಒಟ್ಟಿಗೇ ಬಂದು ಮೈಗೆ ತಾಕಿತು. ಶೆಲ್ಫಿನ ತುಂಬ ಸಾಲಾಗಿ ಕೂತ ಪ್ಲಾಸ್ಟರ್ ದವಡೆಗಳು ಅವನನ್ನು ನೋಡಿ ಹಲ್ಲು ಕಿರಿದವು. ಅವನು ಸ್ಟೂಲಿನ ಮೇಲೆ ಕೂತು ಎರಡೂ ಅಂಗೈಗಳನ್ನು ಮೇಜಿನ ಮೇಲೆ ಒತ್ತಿದ. ಮೇಜು ತಣ್ಣಗಿತ್ತು. ಎದೆಯ ಮೇಲಿಂದ ಯಾರೋ ಕಲ್ಲು ಎತ್ತಿ ಪಕ್ಕಕ್ಕಿಟ್ಟಂತೆ ಉಸಿರು ತಳದವರೆಗೆ ಇಳಿಯಿತು.

ಹೆಂಡತಿ ಕಿಟಕಿ ತೆಗೆದು, ಒದ್ದೆ ಬಟ್ಟೆಯಿಂದ ಧೂಳು ಒರೆಸತೊಡಗಿದಳು.

"'ಕಚ್ಚಿ ನೋಡಿ' ಅಂದ್ರಲ್ಲ," ಅಂದಳು. "ಮೂವತ್ತು ವರ್ಷದಲ್ಲಿ ನೀವು ಅಷ್ಟು ಜೋರಾಗಿ ಮಾತಾಡಿದ್ದು ನಾನು ಕೇಳೇ ಇಲ್ಲ. ಎದ್ದು ಬಂದು ನೋಡೋಣ ಅನ್ನಿಸ್ತು."

"ಬರ್ಬೇಕಿತ್ತು."

"ಬಂದಿದ್ರೆ ಇನ್ನೂ ನಾಲ್ಕು ಮಾತು ಸೇರಿಸ್ತಿದ್ದೆ. ಕೆಲಸ ಕೆಡ್ತಿತ್ತು."

ಇಬ್ಬರೂ ನಕ್ಕರು. ನಗಲು ಶುರುಮಾಡಿದ ಮೇಲೆ ನಿಲ್ಲಿಸಲಾಗಲಿಲ್ಲ. ಅಳಿಯನ 'ಉಂ ಉಂ' ಅನ್ನು ಅವಳು ಅಣಕಿಸಿದಳು, ಇವನಿಗೆ ಕಣ್ಣಲ್ಲಿ ನೀರು ಬಂತು.

"ನಾಳೆ ನಿನ್ನ ಹಲ್ಲು ಸರಿಮಾಡ್ತೀನಿ," ಅಂದ. "ಮುಂದಿನ ವಾರ ಅಲ್ಲ. ನಾಳೆಯೇ."

"ಬೇಡಪ್ಪ. ಇದು ಹೋದ್ರೆ ನಿಮಗೆ ನನ್ನ ಗುರುತೇ ಸಿಗಲ್ಲ."

ಅವಳು ಬಟ್ಟೆ ಹಿಂಡಲು ನಲ್ಲಿಯ ಕಡೆ ಹೋದಳು. ಅವನು ನೋಟ್‌ಬುಕ್ ತೆರೆದ. ಗೂಬೆಯ ಪುಟ. ಕೊನೆಯ ಕಾಲಂ. ಮೂವತ್ತೇಳು, ಅರವತ್ತೊಂದು, ಮೂವತ್ತೇಳು. ಪುಟದ ತಳದಲ್ಲಿ, ಹೊಲಿಗೆಯ ಹತ್ತಿರ, ಸಣ್ಣದಾಗಿ ಸುತ್ತು ಹಾಕಿದ ಇನ್ನೊಂದು ಅಂಕಿ: ತೊಂಬತ್ತು. ಅಕ್ಕ ಇದನ್ನೂ ಒಂದು ಹಲ್ಲು ಅಂದುಕೊಂಡಿರಬೇಕು.

ತೊಂಬತ್ತನೇ ನಂಬರಿನ ಹಲ್ಲು ಯಾವ ಬಾಯಲ್ಲೂ ಇಲ್ಲ.

ಮೇಸ್ತ್ರಿಗೆ ಆ ಸುತ್ತು ಗೊತ್ತಿತ್ತು. ರೋಗಿಗಳ ಪುಸ್ತಕದಲ್ಲಿ ಜಾಗ ಮುಗಿದಾಗ ಡಾಕ್ಟ್ರು ಹೀಗೇ ಮುಂದಿನ ಪುಟದ ಸಂಖ್ಯೆ ಬರೆದು ಸುತ್ತು ಹಾಕುತ್ತಿದ್ದರು. ಅವನು ಹಾಳೆ ಮಗುಚಿದ. ಎಪ್ಪತ್ತು, ಎಂಬತ್ತು. ತೊಂಬತ್ತು.

ಆ ಪುಟದಲ್ಲಿ ಎರಡೇ ಸಾಲು. ಅದೇ ಓರೆ ಅಕ್ಷರ.

ಕೆಳಗಿನ ಸಾಲು ಡಾಕ್ಟ್ರು ತೀರಿಕೊಳ್ಳುವ ಹತ್ತು ದಿನ ಮೊದಲಿನದು. ತೂಕ ಹದಿನಾರು ಪಾಯಿಂಟ್ ಎರಡು. ಗಡಿಯಾರ ಹನ್ನೆರಡು. ಯಾರಿಗೆ ತೋರಿಸಿದ್ದು ಎಂಬಲ್ಲಿ ಬರೀ ಒಂದು ಗೆರೆ. ಅಂದರೆ ಡಾಕ್ಟ್ರಿಗೆ ಗೊತ್ತಾಗಿತ್ತು. ಗೊತ್ತಾಗಿಯೂ ಹತ್ತು ದಿನ ಯಾರ ಹತ್ತಿರವೂ ತುಟಿ ಬಿಚ್ಚಿರಲಿಲ್ಲ.

ಮೇಲಿನ ಸಾಲು ಅದಕ್ಕೂ ಒಂದು ವಾರ ಹಿಂದಿನದು. ತೂಕ ಹದಿನೇಳು ಪಾಯಿಂಟ್ ಎರಡು. ಗಡಿಯಾರ ಒಂಬತ್ತು. ಅಸಲಿ ಗೂಬೆಯನ್ನು ಡಾಕ್ಟ್ರು ಕೊನೆಯ ಸಲ ಹೊರಗೆ ತೆಗೆದ ದಿನ. ಅದರ ಮುಂದೆ, ತೋರಿಸಿದವರ ಜಾಗದಲ್ಲಿ: ಇಪ್ಪತ್ತೊಂದು. ಪಕ್ಕದಲ್ಲಿ ಎರಡು ಪದ. 'ಇನ್ನೂ ಮುರಿದೇ.'

ಇಪ್ಪತ್ತೊಂದು. ಮೇಲಿನ ಎಡಭಾಗ, ನಡುವಿನಿಂದ ಮೊದಲನೇದು.

ಈ ಚಿಕಿತ್ಸಾಲಯಕ್ಕೆ ಮುರಿದು ಬಂದ ಇಪ್ಪತ್ತೊಂದುಗಳನ್ನೆಲ್ಲ ಅವನು ತನ್ನ ಕೈಯಾರೆ ಸರಿಮಾಡಿದ್ದ. ಮೂವತ್ತು ವರ್ಷದಲ್ಲಿ ಸರಿಮಾಡದೆ ಬಿಟ್ಟದ್ದು ಒಂದೇ ಒಂದು.

ನಲ್ಲಿ ನಿಂತಿತು. ಅವಳು ಕೈ ಒರೆಸಿಕೊಳ್ಳುತ್ತ ಬಾಗಿಲಿಗೆ ಬಂದಳು. ನಗುವಿನ ಕೊನೆ ಇನ್ನೂ ಮುಖದಲ್ಲಿತ್ತು. ಬೆಳಕು ಆ ಓರೆ ಹಲ್ಲಿನ ತುದಿಯಲ್ಲಿ ನಿಂತಿತ್ತು.

"ಏನು ಬರ್ದಿದೆ?"

ಮೇಸ್ತ್ರಿ ಹೆಬ್ಬೆರಳನ್ನು ಆ ಅಂಕಿಯ ಮೇಲಿಟ್ಟ. ಒಂದು ತಿಂಗಳು ಅವನು ಕಂಡಕಂಡವರಿಗೆಲ್ಲ ನಿಜ ಹೇಳಿದ್ದ, ಒಬ್ಬರೂ ನಂಬಿರಲಿಲ್ಲ.

"ಏನಿಲ್ಲ," ಅಂದ. "ಮ್ಯೂಸಿಯಂ ಮೇಷ್ಟ್ರ ದವಡೆ ಹಲ್ಲು."

ಅವಳು ಕೂಡಲೇ ನಂಬಿದಳು. ಅಥವಾ ಹಾಗೆ ತೋರಿಸಿಕೊಂಡಳು.